ಐದು ರೂಪಾಯಿ ನಾಣ್ಯವೂ ನೀರಿನ ಕಾರ್ಡೂ

ಕಳೆದ ಬೇಸಿಗೆಯ ಒಂದು ಭಾನುವಾರ ಬೆಳಿಗ್ಗೆ. ದೊಡ್ಡಬಳ್ಳಾಪುರದಿಂದ ಗೌರಿಬಿದನೂರಿಗೆ ಹೋಗುವ ರಸ್ತೆಯಿಂದ ಒಂದಿಷ್ಟು ಒಳಗಿರುವ ನಮ್ಮೂರಿನ ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ಏಳೆಂಟು ಜನ ಸಾಲುಗಟ್ಟಿ ನಿಂತಿದ್ದೆವು. ನನ್ನ ಮುಂದೆ ಎಪ್ಪತ್ತು ದಾಟಿದ ಒಬ್ಬ ಅಜ್ಜಿ, ಜೊತೆಗೆ ಐದನೇ ತರಗತಿ ಓದುವ ಮೊಮ್ಮಗಳು. ಹಬ್ಬಕ್ಕೆಂದು ಬೇರೆ ಊರಿನಿಂದ ಬಂದಿದ್ದ ಹುಡುಗಿ. ಅವಳ ಮುಷ್ಟಿಯಲ್ಲಿ ಐದು ರೂಪಾಯಿಯ ಒಂದು ನಾಣ್ಯ. ಸರದಿ ಬಂತು. ನೋಡಿದರೆ ನಾಣ್ಯ ಹಾಕುವ ಕಿಂಡಿಯ ಮೇಲೆ ಒಂದು ತಗಡು ಬಡಿದಿದೆ. ತಗಡಿನ ಮೇಲೆ ಕೆಂಪು ಬಣ್ಣದಲ್ಲಿ 'ಕಾರ್ಡ್ ಮಾತ್ರ' ಎಂದು ಬರೆದಿದೆ.

ಹುಡುಗಿ ಅಜ್ಜಿಯ ಮುಖ ನೋಡಿದಳು. ಅಜ್ಜಿ ನನ್ನ ಮುಖ ನೋಡಿದರು. "ಇದೇನ್ ಮೇಷ್ಟ್ರೇ, ದುಡ್ಡು ಕೈಯಾಗೈತೆ, ನೀರು ಕಣ್ ಮುಂದೈತೆ. ಆದ್ರೂ ಬರೀ ಬಿಂದಿಗೆ ಹೊತ್ಕೊಂಡ್ ಹೋಗ್ಬೇಕಾ?" ಎಂದರು.

ನಾನು ನನ್ನ ಕಾರ್ಡು ತೋರಿಸಿ ಅವರ ಬಿಂದಿಗೆ ತುಂಬಿಸಿಕೊಟ್ಟೆ. ಬೇಡವೆಂದರೂ ಕೇಳದೆ ಅವರು ಆ ನಾಣ್ಯವನ್ನು ನನ್ನ ಕೈಗೆ ತುರುಕಿ ಹೋದರು. ಆದರೆ ಅವರ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಕಾರಣ ಇಷ್ಟೇ. ನಾಣ್ಯದ ಗೊಡವೆಯೇ ಬೇಡ, ಕಾರ್ಡು ಹಾಕಿಸಿ ಎಂದು ಊರಿನ ಸಭೆಯಲ್ಲಿ ಮೊದಲು ಬಾಯಿ ತೆರೆದವನು ನಾನೇ. ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಪಾಠ ಹೇಳುವವನು ಎಂಬ ಮರ್ಯಾದೆಗೆ ಉಳಿದವರೂ ಹೂಂಗುಟ್ಟಿದ್ದರು.

ವಿದ್ಯಾರ್ಥಿ ಮಿತ್ರರೇ, ಇಂದು ಈ ವಿಷಯವನ್ನೇ ಸ್ವಲ್ಪ ವಿಚಾರ ಮಾಡೋಣ. ಅಂಗಡಿಯಾತ ಎದುರಿಗೆ ನಿಲ್ಲದೆ, ಗಿರಾಕಿಯೇ ಕೈಯಾರೆ ಸರಕನ್ನೋ ಸೇವೆಯನ್ನೋ ಪಡೆದುಕೊಳ್ಳುವ ಸಣ್ಣ ವ್ಯಾಪಾರದಲ್ಲಿ ಹಣ ತೆಗೆದುಕೊಳ್ಳುವುದು ಹೇಗೆ? ನಾಣ್ಯವೋ, ಕಾರ್ಡೋ, ಮೊಬೈಲೋ? ನಿಮ್ಮಲ್ಲಿ ಹಲವರು ನಾಳೆ ಇಂಥದೊಂದು ಉದ್ಯಮ ಮಾಡಬಹುದು. ನಿಮ್ಮ ತಂದೆ ತಾಯಿ ಈಗಾಗಲೇ ಮಾಡುತ್ತಿರಬಹುದು.

ಹೊಸದೇನಲ್ಲ

ಗಿರಾಕಿಯೇ ದುಡಿದುಕೊಳ್ಳುವ ವ್ಯಾಪಾರ ನಮಗೆ ಹೊಸದಲ್ಲ. ರೈಲು ನಿಲ್ದಾಣದಲ್ಲಿ ನಾಣ್ಯ ಹಾಕಿದರೆ ತೂಕದ ಚೀಟಿ ಉಗುಳುತ್ತಿದ್ದ ಯಂತ್ರ ನಿಮ್ಮ ತಂದೆ ತಾಯಿಗೆ ನೆನಪಿರುತ್ತದೆ. ಅಂಗಡಿಗಳ ಮುಂದೆ ತೂಗುಹಾಕಿರುತ್ತಿದ್ದ, ಒಂದು ರೂಪಾಯಿ ನುಂಗಿ ಮಾತಾಡಿಸುತ್ತಿದ್ದ ಫೋನಿನ ಡಬ್ಬಿಯೂ ನೆನಪಿರುತ್ತದೆ. ಬೆಂಗಳೂರಿನ ದರ್ಶಿನಿ ಹೋಟೆಲುಗಳದೂ ಇದೇ ಜಾತಿ. ಮೊದಲು ಗಲ್ಲಾದಲ್ಲಿ ದುಡ್ಡು ಕೊಟ್ಟು ಚೀಟಿ ಪಡೆಯಬೇಕು, ಆಮೇಲೆ ಇಡ್ಲಿ ವಡೆ ನಾವೇ ಎತ್ತಿಕೊಂಡು ನಿಂತೇ ತಿನ್ನಬೇಕು. ಬಡಿಸುವವರ ಸಂಬಳ ಉಳಿಯುತ್ತದೆ, ಗಿರಾಕಿಗೆ ಬೆಲೆ ಇಳಿಯುತ್ತದೆ. ಅಮೆರಿಕದಲ್ಲಿ 25 ಸೆಂಟಿನ ನಾಣ್ಯಗಳನ್ನು ಹಾಕಿ ಬಟ್ಟೆ ಒಗೆದುಕೊಳ್ಳುವ ಅಂಗಡಿಗಳು ದಶಕಗಳಿಂದ ಇವೆ. ನಾಣ್ಯವೋ ಕಾರ್ಡೋ ಎಂಬ ಜಗಳ ಅಲ್ಲಿಯೂ ಇದೆ.

ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಈ ಜಾತಿಯ ವ್ಯಾಪಾರಕ್ಕೆ ಒಳ್ಳೆಯ ಉದಾಹರಣೆ ಎಂದರೆ ನೀರಿನ ಘಟಕವೇ. ಈ ಸೀಮೆಗೆ ವರ್ಷವಿಡೀ ಹರಿಯುವ ನದಿಯಿಲ್ಲ, ಕೊಳವೆಬಾವಿಯೇ ಗತಿ. ಆಳಕ್ಕೆ ಹೋದಷ್ಟೂ ನೀರಿನಲ್ಲಿ ಲವಣ ಹೆಚ್ಚು, ಕೆಲವು ಕಡೆ ಫ್ಲೋರೈಡ್ ಕೂಡ. ಹಾಗಾಗಿ ಸರ್ಕಾರದ, ಪಂಚಾಯಿತಿಯ, ಖಾಸಗಿಯವರ ಶುದ್ಧೀಕರಣ ಘಟಕಗಳು ಊರೂರಿಗೂ ಬಂದವು. ಮೊದಮೊದಲು 20 ಲೀಟರಿಗೆ ಎರಡು ರೂಪಾಯಿ ಇತ್ತು. ಈಗ ಬಹಳ ಕಡೆ ಐದು ರೂಪಾಯಿ ಆಗಿದೆ. ಹಗಲು ಒಬ್ಬ ನಿರ್ವಾಹಕ ಬಂದು ಹೋಗುತ್ತಾನೆ, ಉಳಿದ ಹೊತ್ತು ಯಂತ್ರವೇ ಯಜಮಾನ.

ನಾಣ್ಯದ ಗುಣ, ನಾಣ್ಯದ ಕಾಟ

ಮೊದಲು ನಾಣ್ಯವನ್ನು ನೋಡೋಣ. ಯಂತ್ರಕ್ಕೆ ಕಣ್ಣಿಲ್ಲ, ಸಿಂಹದ ಮುದ್ರೆ ಅದಕ್ಕೆ ಕಾಣದು. ನಾಣ್ಯದ ಅಗಲ, ದಪ್ಪ ಮತ್ತು ಲೋಹದ ಗುಣ ಇಷ್ಟನ್ನೇ ಅದು ಅಳೆಯುತ್ತದೆ. ಜಾರುಬಂಡಿಯಲ್ಲಿ ನಾಣ್ಯ ಇಳಿಯುವಾಗ ಪಕ್ಕದಲ್ಲಿರುವ ತಂತಿಯ ಸುರುಳಿಯ ಕಾಂತಕ್ಷೇತ್ರವನ್ನು ಹಾದುಹೋಗುತ್ತದೆ. ಲೋಹಕ್ಕೆ ತಕ್ಕಂತೆ ಆ ಕ್ಷೇತ್ರದಲ್ಲಿ ಏರುಪೇರಾಗುತ್ತದೆ. ಮೊದಲೇ ಕಲಿಸಿಟ್ಟ ಮಾದರಿಗೆ ಅದು ಹೊಂದಿದರೆ ಬಾಗಿಲು ತೆರೆಯುತ್ತದೆ, ಇಲ್ಲದಿದ್ದರೆ ನಾಣ್ಯ ಕೆಳಗೆ ಬೀಳುತ್ತದೆ. ಪಿಯುಸಿ ಭೌತಶಾಸ್ತ್ರದಲ್ಲಿ ನೀವು ಓದುವ ವಿದ್ಯುತ್ಕಾಂತೀಯ ಪ್ರೇರಣೆ ನಿಮ್ಮೂರಿನ ನೀರಿನ ಘಟಕದಲ್ಲಿ ದಿನವೂ ದುಡಿಯುತ್ತಿದೆ.

ತೊಂದರೆ ಎಲ್ಲಿ ಬಂತು ಎಂದರೆ, ನಮ್ಮ ಐದು ರೂಪಾಯಿ ಒಂದೇ ನಾಣ್ಯವಲ್ಲ. ಹಳೆಯ ದಪ್ಪ ಬಿಳಿ ನಾಣ್ಯ 9 ಗ್ರಾಂ ತೂಗುತ್ತದೆ. ಆಮೇಲೆ ಬಂದ ಹಳದಿ ನಾಣ್ಯ 6 ಗ್ರಾಂ. 2019ರಲ್ಲಿ ಬಂದ ಹೊಸ ಸರಣಿಯದು ಅಗಲದಲ್ಲಿಯೂ ತುಸು ದೊಡ್ಡದು. ಮೂರೂ ಕಾನೂನುಬದ್ಧವೇ. ಆದರೆ ಯಂತ್ರಕ್ಕೆ ಮೂರನ್ನೂ ಕಲಿಸಿರಬೇಕಲ್ಲ? ಕಲಿಸದಿದ್ದರೆ ಒಳ್ಳೆಯ ನಾಣ್ಯವನ್ನೂ ಅದು ಖೋಟಾ ನಾಣ್ಯದಂತೆ ಉಗುಳುತ್ತದೆ. ಜನರೂ ಇದಕ್ಕೆ ಹೊರತಲ್ಲ ಎನ್ನಿ. ಹತ್ತು ರೂಪಾಯಿ ನಾಣ್ಯ ನಡೆಯುವುದಿಲ್ಲ ಎಂದು ನಮ್ಮ ಸಂತೆಗಳಲ್ಲಿ ಎಷ್ಟು ಕಾಲ ವಾದ ನಡೆಯಿತು! 14 ವಿನ್ಯಾಸಗಳಲ್ಲಿರುವ ಹತ್ತು ರೂಪಾಯಿ ನಾಣ್ಯಗಳೆಲ್ಲವೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲಿ ಪ್ರಕಟಣೆಯನ್ನೇ ಕೊಡಬೇಕಾಯಿತು.

ಎರಡನೆಯ ಕಾಟ ಭಾರ. ಒಂದು ಲೆಕ್ಕ ಹಾಕಿ. ದಿನಕ್ಕೆ 200 ಕ್ಯಾನು ನೀರು ಹೋದರೆ 200 ನಾಣ್ಯ. ತಿಂಗಳಿಗೆ 6,000 ನಾಣ್ಯ, ಅಂದರೆ 30,000 ರೂಪಾಯಿ. ಒಂದೊಂದೂ 6 ಗ್ರಾಂ ಎಂದರೂ 36 ಕಿಲೋ. ಇದನ್ನು ಎಣಿಸಬೇಕು, ಚೀಲಕ್ಕೆ ಕಟ್ಟಬೇಕು, ಬ್ಯಾಂಕಿಗೆ ಹೊರಬೇಕು. ಕೌಂಟರಿನವರ ಮುಖ ಆ ಚೀಲವನ್ನು ಕಂಡಾಗ ಹೇಗಾಗುತ್ತದೆ ಎಂಬುದನ್ನು ನಾನು ಬರೆಯಬೇಕಿಲ್ಲ. ಮೂರನೆಯದು ಕಳ್ಳತನ. ಊರಾಚೆ ಒಂಟಿಯಾಗಿ ನಿಂತ ಪೆಟ್ಟಿಗೆಯಲ್ಲಿ ಸಾವಿರಾರು ರೂಪಾಯಿ ಇದೆ ಎಂಬುದು ಎಲ್ಲರಿಗೂ ಗೊತ್ತು.

ನಮ್ಮೂರಿನಲ್ಲಿ ಪೆಟ್ಟಿಗೆಯ ಬೀಗ ಎರಡು ಸಲ ಮುರಿಯಿತು. ಎರಡನೆಯ ಸಲ ಮುರಿದಾಗಲೇ ನಾನು ಸಭೆಯಲ್ಲಿ ಎದ್ದು ನಿಂತು ಕಾರ್ಡಿನ ಗುಣಗಾನ ಮಾಡಿದ್ದು.

ಇಷ್ಟಿದ್ದರೂ ನಾಣ್ಯಕ್ಕೆ ಎರಡು ದೊಡ್ಡ ಗುಣಗಳಿವೆ, ಅವನ್ನು ನಾನು ಅಂದು ಮರೆತಿದ್ದೆ. ಒಂದು, ಅದನ್ನು ಹಿಡಿದವರ ಹೆಸರು, ವಯಸ್ಸು, ಊರು ಯಾವುದನ್ನೂ ಅದು ಕೇಳುವುದಿಲ್ಲ. ನೆಂಟರ ಮನೆಗೆ ಬಂದ ಹುಡುಗಿಗೂ ನೀರು ಸಿಗುತ್ತದೆ, ದಾರಿಹೋಕನಿಗೂ ಸಿಗುತ್ತದೆ. ಇನ್ನೊಂದು, ನಾಣ್ಯದ ವ್ಯವಹಾರ ಅಲ್ಲಿಂದಲ್ಲಿಗೆ ಮುಗಿಯುತ್ತದೆ. ಐದು ರೂಪಾಯಿ ಹೋಯಿತು, 20 ಲೀಟರ್ ಬಂತು. ಯಾರೂ ಯಾರಿಗೂ ಬಾಕಿ ಇಲ್ಲ.

ಕಳ್ಳತನಕ್ಕೆ ಇಲ್ಲದಿದ್ದರೂ ಸೋರಿಕೆಗೆ ನಾಣ್ಯದ ಘಟಕದಲ್ಲಿಯೇ ಮದ್ದಿದೆ. ನೀರಿನ ಮೀಟರನ್ನು ದಿನವೂ ಬರೆದಿಡಬೇಕು. ಇಂದು 4,200 ಲೀಟರ್ ಓಡಿದೆ ಎನ್ನಿ. 20ರಿಂದ ಭಾಗಿಸಿದರೆ 210 ಕ್ಯಾನು. ಪೆಟ್ಟಿಗೆಯಲ್ಲಿ 1,050 ರೂಪಾಯಿ ಇರಬೇಕು. 980 ಇದ್ದರೆ 14 ಕ್ಯಾನಿನ ಲೆಕ್ಕ ಎಲ್ಲೋ ತಪ್ಪಿದೆ. ಇಷ್ಟು ಗಣಿತಕ್ಕೆ ಕಂಪ್ಯೂಟರ್ ಬೇಡ, ಏಳನೇ ತರಗತಿಯ ಹುಡುಗ ಸಾಕು.

ಕಾರ್ಡಿನೊಳಗಿನ ದುಡ್ಡು ಯಾರದು?

ಈಗ ಕಾರ್ಡಿಗೆ ಬರೋಣ. ನೀರಿನ ಕಾರ್ಡಿನೊಳಗೆ ಬ್ಯಾಟರಿ ಇಲ್ಲ. ಒಂದು ಸಣ್ಣ ಚಿಪ್ಪು, ಅದರ ಸುತ್ತ ತಂತಿಯ ಸುರುಳಿ ಅಷ್ಟೆ. ಯಂತ್ರದ ಹತ್ತಿರ ಹಿಡಿದಾಗ ಯಂತ್ರದ ಕಾಂತಕ್ಷೇತ್ರದಿಂದಲೇ ಅದಕ್ಕೆ ವಿದ್ಯುತ್ ದೊರೆತು ತನ್ನ ಸಂಖ್ಯೆಯನ್ನು ಹೇಳುತ್ತದೆ. ಯಂತ್ರ ಐದು ರೂಪಾಯಿ ಕಳೆದು ನೀರು ಬಿಡುತ್ತದೆ. ಚಿಲ್ಲರೆ ಬೇಡ, ಬೀಗ ಬೇಡ, ಎಣಿಕೆ ಬೇಡ. ನಮ್ಮ ಮೆಟ್ರೊ ಕಾರ್ಡೂ ಇದೇ ವಂಶದ್ದು. ಕಾರ್ಡಿನಲ್ಲಿ ಪ್ರಯಾಣಿಸಿದರೆ ಶೇ 5ರಷ್ಟು ರಿಯಾಯಿತಿ ಕೊಡುತ್ತಾರಲ್ಲ, ಯಾಕೆ? ಟೋಕನ್ ಕೊಡುವ ಸಿಬ್ಬಂದಿಯ ಹೊತ್ತು ಉಳಿಯುತ್ತದೆ ಎಂಬುದು ಒಂದು ಕಾರಣ. ನಮ್ಮ ಹಣ ಮುಂಗಡವಾಗಿಯೇ ಅವರ ಕೈಸೇರುತ್ತದೆ ಎಂಬುದು ಇನ್ನೊಂದು.

ಈ ಎರಡನೆಯ ಕಾರಣದ ಮೇಲೆ ಬೆರಳಿಡಿ. ನಮ್ಮೂರಿನಲ್ಲಿ ಸುಮಾರು 240 ಮನೆಯವರು ಕಾರ್ಡು ಮಾಡಿಸಿದ್ದರು. ಪ್ರತಿಯೊಂದರಲ್ಲಿಯೂ ಸರಾಸರಿ 50 ರೂಪಾಯಿ ಉಳಿದಿದೆ ಎಂದುಕೊಂಡರೆ 12,000 ರೂಪಾಯಿ ಆಯಿತು. ಇದು ಊರಿನವರ ಹಣ, ಆದರೆ ಇರುವುದು ಗುತ್ತಿಗೆದಾರನ ಬಳಿ. ಬಡ್ಡಿ ಇಲ್ಲ, ಪತ್ರ ಇಲ್ಲ, ಜಾಮೀನು ಇಲ್ಲ. ನೂರು ರೂಪಾಯಿ ಸಾಲ ಕೊಡುವಾಗ ನೂರು ಪ್ರಶ್ನೆ ಕೇಳುವ ನಾವು, ಊರೆಲ್ಲ ಸೇರಿ ಹನ್ನೆರಡು ಸಾವಿರವನ್ನು ಕೇಳದೆಯೇ ಸಾಲ ಕೊಟ್ಟಿದ್ದೆವು!

ಮಳೆಗಾಲದಲ್ಲಿ ಘಟಕದ ಮೋಟಾರು ಸುಟ್ಟಿತು. ಗುತ್ತಿಗೆದಾರ ನಾಳೆ ನಾಡಿದ್ದು ಎನ್ನುತ್ತಾ ಕಡೆಗೆ ಫೋನು ಎತ್ತುವುದನ್ನೇ ಬಿಟ್ಟ. ಎರಡು ತಿಂಗಳು ಬಾಗಿಲು ಮುಚ್ಚಿತ್ತು. ಹೊಸಬ ಬಂದ. ಹೊಸ ಯಂತ್ರ, ಹೊಸ ಕಾರ್ಡು. ಹಳೆಯ ಕಾರ್ಡಿನ ಹಣ ಕೇಳಿದರೆ "ಅದು ಅವ್ರ ಲೆಕ್ಕ, ನಮಗೆ ಬರಲ್ಲ ಸಾರ್" ಎಂದ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನನ್ನ ಕಾರ್ಡಿನಲ್ಲಿ 85 ರೂಪಾಯಿ ಇತ್ತು, ಹೋಯಿತು. ನನಗೆ ಅದು ದೊಡ್ಡದಲ್ಲ. ಆದರೆ ತೋಟದ ಕೂಲಿಗೆ ಹೋಗುವ ಒಬ್ಬಾಕೆ ತಿಂಗಳ ಆರಂಭದಲ್ಲಿಯೇ ಇನ್ನೂರು ತುಂಬಿಸಿದ್ದರು. ಅವರು ನನ್ನ ಮನೆಯ ಹತ್ತಿರ ಬಂದು, "ನೀವು ಹೇಳಿದ್ರಿ ಅಂತ ಹಾಕಿಸ್ದೆ ಮೇಷ್ಟ್ರೇ" ಎಂದಷ್ಟೇ ಹೇಳಿ ನಿಂತರು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಓದಿ ನೋಡಿದಾಗ ನನಗೆ ಗೊತ್ತಾದದ್ದು ಇದು. ಹಲವು ಅಂಗಡಿಗಳಲ್ಲಿ ನಡೆಯುವ ಮುಂಗಡ ಕಾರ್ಡು, ಮೊಬೈಲ್ ವ್ಯಾಲೆಟ್ಟುಗಳಿಗೆ ರಿಸರ್ವ್ ಬ್ಯಾಂಕಿನ ಅನುಮತಿ ಬೇಕು, ಜನರ ಹಣವನ್ನು ಹೇಗೆ ಕಾಪಾಡಬೇಕೆಂಬ ನಿಯಮಗಳಿವೆ. ಕೊಟ್ಟವನ ಬಳಿ ಮಾತ್ರ ನಡೆಯುವ ಕಾರ್ಡಿಗೆ ಆ ಅನುಮತಿಯೇ ಬೇಕಿಲ್ಲ. ಅಂದರೆ ಅಲ್ಲಿ ನಮ್ಮ ಹಣಕ್ಕೆ ಕಾವಲು ನಾವೇ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರಬಹುದು, ಗ್ರಾಹಕ ಆಯೋಗಕ್ಕೂ ಹೋಗಬಹುದು. ಆದರೆ ಇನ್ನೂರು ರೂಪಾಯಿಗೆ ಒಂದು ದಿನದ ಕೂಲಿ ಬಿಟ್ಟು ಅಲೆಯುವವರು ಯಾರು?

ಮೂರನೆಯ ದಾರಿ

ಇಷ್ಟರಲ್ಲಿ ನಿಮ್ಮಲ್ಲಿ ಕೆಲವರು, "ಸಾರ್, ಯುಪಿಐ ಇದೆಯಲ್ಲ, ಕ್ಯೂಆರ್ ಚೀಟಿ ಅಂಟಿಸಿದರೆ ಮುಗಿಯಿತು" ಎನ್ನುತ್ತಿರಬೇಕು. ಸರಿಯಾದ ಮಾತೇ. 2016ರ ಏಪ್ರಿಲ್‌ನಲ್ಲಿ ಆರಂಭವಾದ ಈ ಪದ್ಧತಿಯಲ್ಲಿ 2025ರ ಆಗಸ್ಟ್ ಒಂದೇ ತಿಂಗಳಲ್ಲಿ 2,000 ಕೋಟಿಗೂ ಹೆಚ್ಚು ವ್ಯವಹಾರಗಳು ನಡೆದವು. ಹಣ ನಮ್ಮ ಬ್ಯಾಂಕಿನಲ್ಲಿಯೇ ಇರುತ್ತದೆ, ಬೇಕಾದಾಗ ಬೇಕಾದಷ್ಟೇ ಹೋಗುತ್ತದೆ. ಅಂದರೆ ಮುಂಗಡ ಸಾಲ ಕೊಡುವ ಪ್ರಮೇಯವಿಲ್ಲ.

ಅಂಗಡಿಯಾತನಿಗೂ ಅಗ್ಗ. ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿನ ಪಾವತಿಗೆ ವ್ಯಾಪಾರಿಯಿಂದ ಶುಲ್ಕ ತೆಗೆದುಕೊಳ್ಳಬಾರದೆಂಬ ನಿಯಮ 2020ರ ಜನವರಿ 1ರಿಂದ ಜಾರಿಗೆ ಬಂತು. ಬೇರೆ ಡೆಬಿಟ್ ಕಾರ್ಡುಗಳಿಗೆ ವರ್ಷಕ್ಕೆ 20 ಲಕ್ಷದೊಳಗಿನ ಸಣ್ಣ ವ್ಯಾಪಾರಿಯಿಂದ ಶೇ 0.40ಕ್ಕಿಂತ ಹೆಚ್ಚು ಕೀಳುವಂತಿಲ್ಲ ಎಂದು ರಿಸರ್ವ್ ಬ್ಯಾಂಕು 2018ರಿಂದ ಮಿತಿ ಹಾಕಿದೆ. ಐದು ರೂಪಾಯಿಗೆ ಅದು ಎರಡು ಪೈಸೆ. ಹಾಗಾದರೆ ಘಟಕದಲ್ಲಿ ಬ್ಯಾಂಕಿನ ಕಾರ್ಡು ಉಜ್ಜುವ ಯಂತ್ರ ಯಾಕಿಲ್ಲ? ಹೊರೆ ಎರಡು ಪೈಸೆಯದಲ್ಲ, ಯಂತ್ರದ್ದು. ತಿಂಗಳಿಗೆ 300 ರೂಪಾಯಿ ಬಾಡಿಗೆ ಎಂದುಕೊಂಡರೆ 60 ಕ್ಯಾನಿನ ಗಳಿಕೆ ಅದಕ್ಕೇ ಸರಿಹೋಯಿತು. ಸಣ್ಣ ವ್ಯಾಪಾರದ ಮೊದಲ ಪಾಠ ಇದು: ಶೇಕಡಾವಾರು ಖರ್ಚಿಗಿಂತ ತಿಂಗಳ ಖಾಯಂ ಖರ್ಚು ಹೆಚ್ಚು ಕಚ್ಚುತ್ತದೆ.

ಕ್ಯೂಆರ್ ಚೀಟಿಗೆ ಆ ಖರ್ಚಿಲ್ಲ. ಆದರೆ ಸುಮ್ಮನೆ ಅಂಟಿಸಿದ ಚೀಟಿಗೂ ನಲ್ಲಿಗೂ ಸಂಬಂಧವಿಲ್ಲ ನೋಡಿ. ಹಣ ಬಂತೆಂದು ಯಂತ್ರಕ್ಕೆ ತಿಳಿಯಬೇಕಾದರೆ ಅದರೊಳಗೂ ಒಂದು ಸಿಮ್ಮು, ಸಂಪರ್ಕ ಎಲ್ಲ ಬೇಕು. ಮೋಡ ಕವಿದ ದಿನ ಸಿಗ್ನಲ್ಲಿಗಾಗಿ ಮೊಬೈಲನ್ನು ಆಕಾಶಕ್ಕೆತ್ತಿ ಓಡಾಡುವ ಊರುಗಳು ನಮ್ಮ ತಾಲ್ಲೂಕಿನಲ್ಲಿ ಇನ್ನೂ ಇವೆ. ಹಣ ಕಡಿತವಾಗಿ ನೀರು ಬರದಿದ್ದರೆ? ಇಲ್ಲಿ ಮಾತ್ರ ಗಿರಾಕಿಗೆ ಬಲವಾದ ನಿಯಮವಿದೆ. ಹಣ ವ್ಯಾಪಾರಿಗೆ ತಲುಪದಿದ್ದರೆ ಐದು ದಿನದೊಳಗೆ ತಾನಾಗಿಯೇ ಹಿಂದಿರುಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕು 2019ರಲ್ಲಿಯೇ ಹೇಳಿದೆ. ನಮ್ಮ ನೀರಿನ ಕಾರ್ಡಿಗೆ ಇಂಥ ದಿಕ್ಕು ಇರಲಿಲ್ಲ.

ವ್ಯಾಪಾರಿಯ ಕಡೆಯ ಎಚ್ಚರಿಕೆಯೂ ಉಂಟು. ಯಾರೂ ಕಾಯದ ಜಾಗದಲ್ಲಿ ನಿಮ್ಮ ಚೀಟಿಯ ಮೇಲೆ ತನ್ನ ಚೀಟಿ ಅಂಟಿಸಿ ಹೋಗುವ ಚತುರರಿದ್ದಾರೆ. ದಿನಕ್ಕೊಮ್ಮೆಯಾದರೂ ಹತ್ತು ರೂಪಾಯಿ ಕಳಿಸಿ ಅದು ಯಾರ ಹೆಸರಿಗೆ ಹೋಗುತ್ತದೆ ಎಂದು ನೋಡಬೇಕು. ಗಿರಾಕಿ ತೋರಿಸುವ ಮೊಬೈಲಿನ ಚಿತ್ರವನ್ನು ನಂಬದೆ, ನಿಮ್ಮ ಖಾತೆಗೆ ಬಂದ ಸಂದೇಶವನ್ನೇ ನಂಬಬೇಕು.

'ನಗದು ಮಾತ್ರ' ಎಂಬ ಬೋರ್ಡು

ಮೊಬೈಲ್ ಪಾವತಿಯ ಇನ್ನೊಂದು ಮುಖವನ್ನು ಕರ್ನಾಟಕ 2025ರ ಜುಲೈನಲ್ಲಿ ನೋಡಿತು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವ್ಯವಹಾರದ ಅಂಕಿಗಳನ್ನು ಹಿಡಿದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಬೇಕರಿಗಳು, ಚಹಾ ಅಂಗಡಿಗಳು, ತರಕಾರಿ ಮಾರುವವರು ಕೂಡ ಅದರಲ್ಲಿದ್ದರು. ಬೆಂಗಳೂರಿನ ಅಂಗಡಿಗಳ ಮುಂದೆ ರಾತ್ರೋರಾತ್ರಿ ಕ್ಯೂಆರ್ ಚೀಟಿಗಳು ಮಾಯವಾಗಿ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಬೋರ್ಡುಗಳು ಬಂದವು. ಕಡೆಗೆ ಜುಲೈ 23ರಂದು ಮುಖ್ಯಮಂತ್ರಿಗಳು ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ಮಿತಿ ದಾಟಿದವರು ನೋಂದಣಿ ಮಾಡಿಸಿಕೊಳ್ಳಬೇಕು ಎಂದರು.

ಇದರಿಂದ ನಾವು ಕಲಿಯಬೇಕಾದದ್ದು ಏನು? ಮೊಬೈಲಿನಲ್ಲಿ ಹಣ ಪಡೆದದ್ದಕ್ಕೆ ತೆರಿಗೆ ಇಲ್ಲ. ತೆರಿಗೆಯ ಪ್ರಶ್ನೆ ಏಳುವುದು ವಹಿವಾಟಿನ ಮೊತ್ತದ ಮೇಲೆ, ಅದು ನೋಟಿನಲ್ಲಿ ಬಂದರೂ ಅಷ್ಟೆ. ವ್ಯತ್ಯಾಸವೆಂದರೆ ಮೊಬೈಲಿನದು ಕಾಣುತ್ತದೆ, ನೋಟಿನದು ಕಾಣುವುದಿಲ್ಲ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ದಿನಕ್ಕೆ ಭಾಗಿಸಿ ನೋಡಿ. 40 ಲಕ್ಷ ಎಂದರೆ ದಿನಕ್ಕೆ ಸುಮಾರು 10,960 ರೂಪಾಯಿ, 20 ಲಕ್ಷ ಎಂದರೆ ಸುಮಾರು 5,480 ರೂಪಾಯಿ. ಬಸ್ ನಿಲ್ದಾಣದ ಎದುರಿಗಿರುವ ಬೇಕರಿಗೆ ಇದು ದೊಡ್ಡ ಮೊತ್ತವಲ್ಲ. ಲಾಭ ಕಡಿಮೆಯೇ ಇರಬಹುದು, ಆದರೆ ಕಾನೂನು ಮೊದಲು ನೋಡುವುದು ವಹಿವಾಟನ್ನು. ದಿನಕ್ಕೆ 200 ಕ್ಯಾನಿನ ನಮ್ಮ ನೀರಿನ ಘಟಕದ ವಹಿವಾಟು ವರ್ಷಕ್ಕೆ 3,65,000 ರೂಪಾಯಿ. ಅದು ಮಿತಿಯ ಹತ್ತಿರಕ್ಕೂ ಸುಳಿಯುವುದಿಲ್ಲ.

ಹಾಗಾಗಿ ಅಂಗಡಿ ಇಟ್ಟ ತಂದೆ ತಾಯಂದಿರಿಗೆ ಎರಡು ಮಾತು. ಅಂಗಡಿಯ ಖಾತೆ ಬೇರೆ, ಮನೆಯ ಖಾತೆ ಬೇರೆ ಇಡಿ. ಭಾವಮೈದುನ ಕಳಿಸಿದ ಕೈಸಾಲ, ಚೀಟಿಯ ಹಣ, ಮಗನ ಶುಲ್ಕ ಎಲ್ಲವೂ ಅಂಗಡಿಯ ಕ್ಯೂಆರಿನಲ್ಲಿಯೇ ಬಂದರೆ ನಾಳೆ ಬಿಡಿಸಿ ಹೇಳುವುದು ಕಷ್ಟ. ಇನ್ನೊಂದು, ತರಕಾರಿ, ಹಾಲಿನಂಥ ತೆರಿಗೆಯಿಲ್ಲದ ಸರಕಿನ ಖರೀದಿ ಚೀಟಿಗಳನ್ನು ಜೋಪಾನ ಮಾಡಿ. ನಿಮ್ಮ ಮಾತಿಗಿಂತ ಆ ಚೀಟಿ ಹೆಚ್ಚು ಮಾತಾಡುತ್ತದೆ. ಮಿತಿ ದಾಟಿದರೂ ಹೆದರಬೇಕಿಲ್ಲ. ವರ್ಷಕ್ಕೆ ಒಂದೂವರೆ ಕೋಟಿಯವರೆಗಿನ ವ್ಯಾಪಾರಿಗೆ ವಹಿವಾಟಿನ ಶೇ 1 ಕಟ್ಟಿ ಮುಗಿಸುವ ಕಾಂಪೋಸಿಷನ್ ಪದ್ಧತಿ ಇದೆ.

ಯಾರನ್ನು ಹೊರಗಿಡುತ್ತೇವೆ?

ಲೆಕ್ಕವೆಲ್ಲ ಸರಿ. ಅಜ್ಜಿಯ ಪ್ರಶ್ನೆಗೆ ಉತ್ತರ ಇನ್ನೂ ಸಿಕ್ಕಿಲ್ಲ. ಹಣ ತೆಗೆದುಕೊಳ್ಳುವ ದಾರಿಯನ್ನು ಆರಿಸುವಾಗ ನಾವು ಗಿರಾಕಿಯನ್ನೂ ಆರಿಸುತ್ತಿರುತ್ತೇವೆ. ಕಾರ್ಡು ಮಾತ್ರ ಎಂದರೆ ಮಕ್ಕಳು, ನೆಂಟರು, ಬಾಡಿಗೆಗೆ ಬಂದ ಮಗ್ಗದ ಕೆಲಸಗಾರರು ಹೊರಗುಳಿಯುತ್ತಾರೆ. ಮೊಬೈಲ್ ಮಾತ್ರ ಎಂದರೆ ಅಜ್ಜಿಯರು. ನಗದು ಮಾತ್ರ ಎಂದರೂ ಈಗ ಕೆಲವರಿಗೆ ಕಷ್ಟ. ಹಾಲಿನ ದುಡ್ಡು, ಗೃಹಲಕ್ಷ್ಮಿಯ ಎರಡು ಸಾವಿರ, ಬಾಶೆಟ್ಟಿಹಳ್ಳಿ ಕಾರ್ಖಾನೆಗಳ ಸಂಬಳ ಎಲ್ಲವೂ ಬ್ಯಾಂಕಿಗೇ ಬರುವಾಗ, ನೋಟು ಬೇಕೆಂದರೆ ಬಸ್ಸು ಹತ್ತಿ ಪೇಟೆಗೆ ಹೋಗಬೇಕು.

ಸರ್ಕಾರವೂ ದಾರಿಯನ್ನು ಆರಿಸುತ್ತದೆ, ಬೆಲೆ ಹೆಚ್ಚು ಕಡಿಮೆ ಮಾಡಿ ಜನರನ್ನು ತಳ್ಳುತ್ತದೆ. ಹೆದ್ದಾರಿಯ ಟೋಲಿನಲ್ಲಿ ಫಾಸ್ಟ್ಯಾಗ್ ಇಲ್ಲದವರಿಗೆ 2021ರ ಫೆಬ್ರುವರಿಯಿಂದ ಎರಡರಷ್ಟು ದರ ಬಂತು. 2025ರ ನವೆಂಬರ್ 15ರಿಂದ ನಗದಿಗೆ ಎರಡರಷ್ಟೇ ಉಳಿದು, ಯುಪಿಐ ಆದರೆ ಒಂದೂಕಾಲು ಪಟ್ಟು ಎಂದಾಯಿತು. ನೆಲಮಂಗಲದಾಚೆ ಹೋಗುವ ಲಾರಿಗಳ ಸಾಲು ಬೇಗ ಕರಗಲಿ ಎಂಬ ಉದ್ದೇಶಕ್ಕೆ ಅದು ಸರಿಯಿರಬಹುದು. ಕುಡಿಯುವ ನೀರಿಗೆ ಅದೇ ನ್ಯಾಯ ಹೊಂದುವುದಿಲ್ಲ. ಟೋಲು ಬೇಡವಾದವನು ಬೇರೆ ದಾರಿ ಹಿಡಿಯಬಹುದು, ನೀರು ಬೇಡವೆನ್ನಲು ಯಾರಿಗೂ ಆಗದು.

ನಗದನ್ನು ಬಹುಮಟ್ಟಿಗೆ ಬಿಟ್ಟ ದೇಶಗಳೂ ಈಗ ಹಿಂದಿರುಗಿ ನೋಡುತ್ತಿವೆ. ನೋಟು ಕಾಣುವುದೇ ಅಪರೂಪವಾದ ಸ್ವೀಡನ್, ದೊಡ್ಡ ಬ್ಯಾಂಕುಗಳು ನಗದು ಸೇವೆಯನ್ನು ಕೊಡಲೇಬೇಕೆಂದು ಕಾನೂನು ಮಾಡಿತು. ನ್ಯೂಯಾರ್ಕ್ ನಗರ 2020ರಲ್ಲಿ, ಅಂಗಡಿಗಳು ನಗದನ್ನು ನಿರಾಕರಿಸಬಾರದೆಂದು ನಿಯಮ ತಂದಿತು. ಕಾರಣ ಅಲ್ಲಿಯೂ ನಮ್ಮ ಅಜ್ಜಿಯ ಪ್ರಶ್ನೆಯೇ.

ತಂದೆ ತಾಯಂದಿರಿಗೆ ಇನ್ನೂ ಒಂದು ವಿಷಯ. ಹತ್ತು ವರ್ಷ ದಾಟಿದ ಮಕ್ಕಳು ತಾವೇ ಉಳಿತಾಯ ಖಾತೆ ನಡೆಸಲು ಬ್ಯಾಂಕುಗಳು ಅವಕಾಶ ಕೊಡಬಹುದೆಂದು ರಿಸರ್ವ್ ಬ್ಯಾಂಕು 2025ರಲ್ಲಿ ಹೇಳಿದೆ. ಒಳ್ಳೆಯದೇ. ಆದರೆ ಅಮೆರಿಕದ ಎಂಐಟಿಯ ಪ್ರಾಧ್ಯಾಪಕರಿಬ್ಬರು 2001ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನೆನಪಿರಲಿ. ಆಟದ ಟಿಕೇಟಿನ ಹರಾಜಿನಲ್ಲಿ, ಕಾರ್ಡಿನಲ್ಲಿ ಕೊಡಬಹುದು ಎಂದಾಗ ಜನ ನಗದಿನವರಿಗಿಂತ ಬಹಳ ಹೆಚ್ಚು ಕೂಗಿದರು. ಕೈಯಿಂದ ಜಾರುವ ನೋಟು ಚುರುಕ್ ಎನ್ನಿಸುತ್ತದೆ, ಕಾರ್ಡು ಹಾಗೆ ಚುಚ್ಚುವುದಿಲ್ಲ. ಮಕ್ಕಳಿಗೆ ಮೊದಲು ನಾಣ್ಯ ಎಣಿಸಲು ಕೊಡಿ, ಆಮೇಲೆ ಮೊಬೈಲು ಕೊಡಿ.

ನಮ್ಮೂರಿನ ಕತೆಯನ್ನು ಮುಗಿಸಿಬಿಡುತ್ತೇನೆ. ಹೊಸ ಗುತ್ತಿಗೆದಾರ ಬಂದಾಗ ಮತ್ತೆ ಸಭೆ ಸೇರಿತು. ಈ ಸಲ ನಾನು ಗುಣಗಾನ ಮಾಡಲಿಲ್ಲ, ಮೊದಲು ತಪ್ಪೊಪ್ಪಿಕೊಂಡೆ. ಆಮೇಲೆ ನಾಲ್ಕು ಷರತ್ತು ಬರೆಸಿದೆವು. ನಾಣ್ಯದ ಕಿಂಡಿ ಮುಚ್ಚಬಾರದು, ಚಾಲ್ತಿಯಲ್ಲಿರುವ ಎಲ್ಲ ಐದು ರೂಪಾಯಿ ನಾಣ್ಯಗಳನ್ನೂ ಯಂತ್ರಕ್ಕೆ ಕಲಿಸಬೇಕು. ಕಾರ್ಡು ಬೇಕಾದವರಿಗೆ ಇರಲಿ, ಆದರೆ 50 ರೂಪಾಯಿಗಿಂತ ಹೆಚ್ಚು ತುಂಬಿಸಿಕೊಳ್ಳಬಾರದು. ಗುತ್ತಿಗೆ ಬಿಡುವ ದಿನ ಕಾರ್ಡಿನ ಬಾಕಿಗೆ ಅವನ ಠೇವಣಿಯಿಂದಲೇ ಹಣ ಹಿಂದಿರುಗಬೇಕು. ಮೀಟರಿನ ಲೆಕ್ಕ ಪ್ರತಿ ಸೋಮವಾರ ಗೋಡೆಯ ಮೇಲೆ ಬರೆಯಬೇಕು. ಪೆಟ್ಟಿಗೆಯನ್ನು ದಿನವೂ ಸಂಜೆ ತೆರೆಯುತ್ತಾರೆ, ಹಾಗಾಗಿ ಬೀಗ ಮುರಿಯುವವನಿಗೆ ಸಿಗುವುದು ಅಷ್ಟಕ್ಕಷ್ಟೇ. ನಾಣ್ಯಗಳನ್ನು ಬ್ಯಾಂಕಿಗೆ ಹೊರುವ ಕಷ್ಟವೂ ತಪ್ಪಿದೆ. ಚಿಲ್ಲರೆಗೆ ಪರದಾಡುತ್ತಿದ್ದ ದಿನಸಿ ಅಂಗಡಿಯವರು ನೋಟು ಕೊಟ್ಟು ತಾವೇ ಒಯ್ಯುತ್ತಾರೆ. ಇಷ್ಟು ಸುಲಭದ ದಾರಿ ವಾಣಿಜ್ಯಶಾಸ್ತ್ರದ ಮೇಷ್ಟರಿಗೆ ಹೊಳೆಯಲಿಲ್ಲ, ಹೇಳಿಕೊಟ್ಟವರು ಅಂಗಡಿಯ ಯಜಮಾನಿ.

ಇನ್ನೂರು ರೂಪಾಯಿ ಕಳೆದುಕೊಂಡವರಿಗೆ ಅದು ಹಿಂದಿರುಗಿ ಬರಲಿಲ್ಲ. ನಾನು ಕೊಡಹೋದರೆ ತೆಗೆದುಕೊಳ್ಳಲಿಲ್ಲ. "ನೀವೇನ್ ತಿಂದ್ರಾ ಮೇಷ್ಟ್ರೇ, ಮುಂದಕ್ಕೆ ಯೋಚ್ನೆ ಮಾಡಿ ಹೇಳಿ" ಎಂದರು.

ವಿದ್ಯಾರ್ಥಿಗಳೇ, ಈ ಭಾನುವಾರ ಒಂದು ಕೆಲಸ ಮಾಡಿ. ನಿಮ್ಮೂರಿನ ನೀರಿನ ಘಟಕದ ಮುಂದೆಯೋ, ಅಪ್ಪನ ಅಂಗಡಿಯಲ್ಲೋ ಒಂದು ಗಂಟೆ ಕೂತು, ಎಷ್ಟು ಜನ ನಗದು, ಎಷ್ಟು ಜನ ಕಾರ್ಡು, ಎಷ್ಟು ಜನ ಮೊಬೈಲು ಎಂದು ಗೆರೆ ಹಾಕಿ. ನಾಲ್ಕನೆಯ ಒಂದು ಕಾಲಂ ಮಾಡಿ. ದುಡ್ಡಿದ್ದೂ ಬರಿಗೈಯಲ್ಲಿ ಹಿಂದಿರುಗಿದವರು ಎಷ್ಟು ಜನ ಎಂದು ಅದರಲ್ಲಿ ಬರೆಯಿರಿ. ಆ ಕಾಲಂ ಖಾಲಿ ಇದ್ದರೆ ನಿಮ್ಮೂರಿನ ವ್ಯವಸ್ಥೆ ಸರಿಯಿದೆ. ಒಂದೇ ಒಂದು ಗೆರೆ ಬಿದ್ದಿದ್ದರೂ ಅದನ್ನು ಮನೆಯವರಿಗೆ ತೋರಿಸಿ, ಮುಂದಿನ ಗ್ರಾಮಸಭೆಗೆ ಹಿಡಿದುಕೊಂಡು ಹೋಗಲು ಹೇಳಿ.